ಧೂಳೇಳದಿರಲೆಂದು ಹೊಡೆಸಿದ ನೀರು

ಸೇತುವೆ ಆಗುವ ಮುಂಚೆ ಲಾಂಚಿನಲ್ಲಿ ಹಿನ್ನೀರು ದಾಟುತ್ತಿದ್ದ ಕಾಲದಲ್ಲಿ, ಲೈಫ್ ಜಾಕೆಟ್ ಎಲ್ಲಿಟ್ಟಿದ್ದೀರಿ ಎಂದು ಪ್ರತಿ ಸಲವೂ ಕೇಳುತ್ತಿದ್ದ ಒಬ್ಬನೇ ಪ್ರಯಾಣಿಕ ನಾನು. ಅಂಥವನ ಹೆಂಡತಿಯ ತಮ್ಮ ವಿಮಾನ ಕೊಂಡ. ಎರಡೇ ಸೀಟಿನದು. ಆಟೋರಿಕ್ಷಾಕ್ಕೆ ರೆಕ್ಕೆ ಕಟ್ಟಿದಂತಿತ್ತು. ಬೇಸಿಗೆಯಲ್ಲಿ ನಮ್ಮ ಬ್ಯಾಕೋಡಿನ ಕಡೆ ಹಿನ್ನೀರು ಇಳಿದು ದೊಡ್ಡ ಬಯಲು ಬಿಡುತ್ತದೆ. ಅಲ್ಲಿಗೆ ಬಂದಿಳಿದು, ಅಕ್ಕನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗುತ್ತೇನೆಂದು ಫೋನು ಮಾಡಿದ.

ಆ ವಾರವಿಡೀ ನಾನು ಮೊಬೈಲಿನಲ್ಲಿ ಸಣ್ಣ ವಿಮಾನಗಳ ಅಪಘಾತಗಳನ್ನೇ ಓದಿದೆ. ಆಕಾಶದಲ್ಲಿ ಅಂಥ ಕಷ್ಟವೇನೂ ಇಲ್ಲವಂತೆ, ಗ್ರಹಚಾರವೆಲ್ಲ ಇಳಿಯುವಾಗ. ಅಡ್ಡಗಾಳಿಗೆ ಸಿಕ್ಕಿ ಮಗುಚಿದ್ದನ್ನು ಓದಿದೆ. ಧೂಳಿನಲ್ಲಿ ನೆಲ ಕಾಣದೆ ಅಪ್ಪಳಿಸಿದ್ದನ್ನಂತೂ ಎರಡೆರಡು ಸಲ ಓದಿದೆ.

"ಬೇಡ ಕಣೇ" ಅಂದೆ ಹೆಂಡತಿಗೆ.

"ನೀವು ಗ್ಯಾಸ್ ಸಿಲಿಂಡರ್ ಬದಲಾಯ್ಸೋಕೂ ಬೇಡ ಅಂತೀರಿ, ಮಾರಾಯ್ರೆ."

ಭಾವಮೈದ ಬಂದಿಳಿದಾಗ ಎದ್ದ ಕೆಂಧೂಳು ವಿಮಾನವನ್ನೇ ನುಂಗಿತು. ಅವನು ನಗುತ್ತ ಹೊರಬಂದ. "ಭಾವ, ಒಂದು ಗಂಟೆ. ಹೊಸನಗರದ ಮೇಲೆ ಹೋಗಿ, ಕವಲೇದುರ್ಗ ನೋಡ್ಕೊಂಡು ಬರ್ತೀವಿ."

ಹೆಂಡತಿ ಮೊಬೈಲನ್ನೂ ಚಪ್ಪಲಿಯನ್ನೂ ನನ್ನ ಕೈಗೆ ಕೊಟ್ಟು ಹತ್ತಿದಳು. ಹೊಳೆಯ ದಡದಲ್ಲಿ ಚಪ್ಪಲಿ ಬಿಟ್ಟು ಹೋದವರ ಸುದ್ದಿಗಳೆಲ್ಲ ನನಗೆ ಆಗಲೇ ನೆನಪಾಗಬೇಕೆ?

ಅವರು ಕಣ್ಮರೆಯಾದ ಮೇಲೂ ಧೂಳು ಗಾಳಿಯಲ್ಲೇ ತೇಲುತ್ತಿತ್ತು. ಇಳಿಯುವಾಗ ಅವನಿಗೆ ನೆಲ ಕಾಣದಿದ್ದರೆ? ನಮ್ಮಲ್ಲಿ ದಿಬ್ಬಣ ಬರುವ ಮುಂಚೆ ಧೂಳೇಳದಿರಲೆಂದು ಅಂಗಳಕ್ಕೆ ನೀರು ಹೊಡೆಯುತ್ತಾರೆ. ನೋಡಲು ಬಂದಿದ್ದವರಲ್ಲಿ ಒಬ್ಬನ ಪಿಕಪ್ಪಿನಲ್ಲಿ ಅಡಿಕೆಗೆ ಔಷಧಿ ಹೊಡೆಯುವ ಪಂಪು ಇತ್ತು. ಪೈಪನ್ನು ಹಿನ್ನೀರಿಗೆ ಇಳಿಸಿದೆವು. ವಿಮಾನ ಓಡಿದ್ದ ದಾರಿಯುದ್ದಕ್ಕೂ ಮುಕ್ಕಾಲು ಗಂಟೆ ಹೊಡೆಸಿದೆ.

"ಸಾಕಲ್ವ?" ಅಂದ ಅವನು.

"ಇನ್ನೊಂದು ಸ್ವಲ್ಪ ಇರ್ಲಿ" ಅಂದೆ.

ಧೂಳು ಅಡಗಿತು. ವಾರದಲ್ಲಿ ಮೊದಲ ಸಲ ನೆಮ್ಮದಿಯಿಂದ ಆ ದಾರಿಯಲ್ಲಿ ನಾಲ್ಕು ಹೆಜ್ಜೆ ಹಾಕಿದೆ. ಐದನೆಯದಕ್ಕೆ ಕಾಲು ಮೇಲೆ ಬಂತು, ನನ್ನ ಚಪ್ಪಲಿ ಬರಲಿಲ್ಲ. ವರ್ಷದಲ್ಲಿ ಅರ್ಧಕಾಲ ನೀರಿನಡಿ ಇರುವ ಜೇಡಿಮಣ್ಣು ಅದು. ಒಣಗಿದ್ದು ಮೇಲಿನ ಪದರ ಮಾತ್ರ. ಅದನ್ನು ನಾನೇ ನೆನೆಸಿ ಕರಗಿಸಿದ್ದೆ.

ಅಷ್ಟರಲ್ಲಿ ಎಂಜಿನ್ನಿನ ಸದ್ದು ಕೇಳಿತು.

ಫೋನು ಮಾಡೋಣವೆಂದರೆ ಅವಳ ಮೊಬೈಲು ನನ್ನ ಜೇಬಿನಲ್ಲಿತ್ತು. ಅವನದು ರಿಂಗಾಯಿತು, ಎತ್ತಲಿಲ್ಲ. ಹೆಗಲ ಟವೆಲು ತೆಗೆದು ಹುಚ್ಚನಂತೆ ಬೀಸಿದೆ. ವಿಮಾನ ತಲೆಯ ಮೇಲೆ ಹಾದಾಗ ಕಿಟಕಿಯಿಂದ ಹೆಂಡತಿ ಟಾಟಾ ಮಾಡಿದಳು. ಇಷ್ಟು ಖುಷಿಯಿಂದ ನಾನು ಅವಳನ್ನು ಎಂದೂ ಎದುರುಗೊಂಡಿಲ್ಲ ಎಂದುಕೊಂಡಿರಬೇಕು.

ಹಿಂದಿನ ಚಕ್ರಗಳು ಮೆತ್ತಗೆ ನೆಲ ಮುಟ್ಟಿದವು. ಆಮೇಲೆ ಮುಂದಿನದು ಮಣ್ಣಿನೊಳಗೆ ಹೋಯಿತು. ಬಾಲ ನಿಧಾನವಾಗಿ, ಬಹಳ ನಿಧಾನವಾಗಿ ಮೇಲೆದ್ದು, ವಿಮಾನ ಬೆನ್ನಡಿಯಾಗಿ ಬಿತ್ತು. ಸದ್ದೆಲ್ಲ ನಿಂತಿತು. ನಾನು ಓಡಿದೆ. ಎರಡು ಸಲ ಬಿದ್ದೆ. ಅವಳ ಹೆಸರು ಹಿಡಿದು ಕೂಗಿದರೂ ಉತ್ತರವಿರಲಿಲ್ಲ.

ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದಳು. ಕಣ್ಣು ಮುಚ್ಚಿತ್ತು. ನಾನು ಭುಜ ಮುಟ್ಟಿದ್ದೇ ತಡ, "ಅಯ್ಯೋ, ಕೈ!" ಎಂದು ಚೀರಿದಳು. ಅದಕ್ಕಿಂತ ಇಂಪಾದ ಮಾತನ್ನು ನಾನು ಕೇಳಿಲ್ಲ.

ಭಾವಮೈದ ಹಣೆಯ ರಕ್ತ ಒರೆಸಿಕೊಳ್ಳುತ್ತ, "ಹೋಗುವಾಗ ಕಲ್ಲಿನ ಹಂಗಿತ್ತು. ಕೆಸರು ಎಲ್ಲಿಂದ ಬಂತು?" ಅಂದ. ಪಂಪಿನವನು ನನ್ನ ಮುಖ ನೋಡಿದ.

"ನಾನೇ ಹೊಡೆಸ್ದೆ ಕಣೋ. ಧೂಳಾಗುತ್ತೆ ಅಂತ."

"ಚಪ್ಪಲಿ ಕೊಡಿ" ಎಂದಳು ಹೆಂಡತಿ. ಆವರೆಗೂ ಅವನ್ನು ನಾನು ಎದೆಗೆ ಅವುಚಿಕೊಂಡೇ ಇದ್ದೆ.

ಇಬ್ಬರನ್ನೂ ಕಾರಿನಲ್ಲಿ ಕೂರಿಸಿ ಸಾಗರದ ಆಸ್ಪತ್ರೆಗೆ ಹೊರಟೆ. ಸೇತುವೆಯ ಮೇಲೆ, ಎಂದಿನಂತೆ, ಸ್ಪೀಡು ಇಪ್ಪತ್ತು ದಾಟಲಿಲ್ಲ.

"ಬೇಗ ಓಡ್ಸಿ, ಮಾರಾಯ್ರೆ. ಕೈನೋವು ತಡೆಯಕ್ಕಾಗ್ತಿಲ್ಲ."

ಎರಡೂ ಕಡೆ ನೀರು ಕಾಣುತ್ತಿತ್ತು. ಆಕ್ಸಿಲರೇಟರ್ ಒತ್ತಿದೆ.