ಸಾಲಿನ ಕೊನೆಗೆ ನಿಲ್ಲಿಸಿದ ನರ್ಸಬಾಯಿ

ಚರ್ಚಿನಲ್ಲಿ ಪ್ರಭು ಭೋಜನಕ್ಕೆಂದು ಎಲ್ಲರಿಗೂ ಗುಟುಕು ಕೊಡುವ ದ್ರಾಕ್ಷಾರಸ ಕಾಯಿಸುವ ಪಾಳಿ ಈ ತಿಂಗಳು ನಮ್ಮ ಮನೆಯದು. ಶನಿವಾರ ಒಣದ್ರಾಕ್ಷಿ ಕುದಿಯತೊಡಗಿ ಅದರ ಸಿಹಿ-ಹುಳಿ ವಾಸನೆ ಅಡುಗೆಮನೆ ತುಂಬಿತು. ನರ್ಸಬಾಯಿ ನೆನಪಾದಳು, ಹಿಂದೆಯೇ ನಮ್ಮ ಮೇಲೇ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಆ ಸಿಟ್ಟು ಆರಿಲ್ಲ.

ಬೈಲಹೊಂಗಲದಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಆಕೆಯದು. ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಿಯಾಗಿದ್ದಳು. ಒಂಟಿ ಜೀವ, ಬಾಯಿ ಬಲು ಜೋರು... ಚರ್ಚಿನಲ್ಲಿ ಪಾಸ್ಟರ ಪ್ರಸಂಗ ಶುರುವಾದರೆ ತಪ್ಪದೆ ತೂಕಡಿಸುತ್ತಿದ್ದಳು. ಭಕ್ತಿವಂತರು ಯಾರೆಂದು ಕೇಳಿದ್ದರೆ ನಮ್ಮ ಚರ್ಚಿನ ಸಭೆಯವರು ಯಾರೂ ಆಕೆಯ ಹೆಸರು ಹೇಳುತ್ತಿರಲಿಲ್ಲ.

ಒಂದು ದಿನ ದೊಡವಾಡದ ಬಸ್ಸಿಗೆಂದು ಹೋದವಳು ಆಟೋದಲ್ಲಿ ಮರಳಿ ಬಂದಳು. ಜೊತೆಗೆ ಎಲುಬು ಎಣಿಸಬಹುದಾದಂಥ ಒಬ್ಬ ಹೆಂಗಸು. ಯರಗಟ್ಟಿ ಕಡೆಯವಳು. ಗಂಡ ಎಚ್‌ಐವಿಯಿಂದ ಸತ್ತಿದ್ದ, ಈಕೆಗೂ ಅದೇ ಇತ್ತು. ಅತ್ತೆ ಮನೆಯವರು ಕೈಗೊಂದು ಚೀಲ ಕೊಟ್ಟು ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ ಹೋಗಿದ್ದರು. ನರ್ಸಬಾಯಿ ಆಕೆಗೆ ಮೈಗೆ ನೀರೆರೆದಳು, ಗಂಜಿ ಕುಡಿಸಿದಳು, ತನ್ನ ಮಂಚ ಬಿಟ್ಟುಕೊಟ್ಟು ತಾನು ನೆಲಕ್ಕೆ ಮಲಗಿದಳು. ಇದನ್ನು ಕಂಡ ನಮ್ಮ ಸಭೆಯವರಿಗೆ ಬಂದದ್ದು ಹೆದರಿಕೆ.

ಆಗ ನಮ್ಮ ಚರ್ಚಿನಲ್ಲಿ ಒಂದೇ ಬೆಳ್ಳಿ ಬಟ್ಟಲು. ಎಲ್ಲರೂ ಸಾಲಾಗಿ ಮೊಣಕಾಲೂರಿ ಅದರಲ್ಲೇ ಒಂದೊಂದು ಗುಟುಕು ಕುಡಿಯಬೇಕು. ನಾವೆಲ್ಲ ಒಂದೇ ಅನ್ನುವುದಕ್ಕೆ ಅದೇ ಗುರುತು. ಸಭೆಯ ಹಿರಿಯರು ನಮ್ಮ ಮನೆಯಲ್ಲಿ ಕೂಡಿ, ನರ್ಸಬಾಯಿ ಇನ್ನು ಎಲ್ಲರೂ ಕುಡಿದ ಮೇಲೆ ಬರಬೇಕೆಂದು ತೀರ್ಮಾನಿಸಿದರು. ನಮ್ಮಪ್ಪನೂ ಅವರಲ್ಲೊಬ್ಬ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಎಂಜಲಿನಿಂದ ಈ ರೋಗ ಹರಡುವುದಿಲ್ಲವೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು. ಅವತ್ತು ಮಾತ್ರ ಹಿರಿಯರಿಗೆ ಚಹಾ ಕೊಟ್ಟು ಸುಮ್ಮನೆ ಒಳಗೆ ಹೋದೆ.

ಮಾತು ಮುಟ್ಟಿಸಲು ಅಪ್ಪ ಆಕೆಯ ಬಾಗಿಲಿಗೆ ಹೋದ. ನಾನು ಹಿಂದೆ ನಿಂತಿದ್ದೆ.

"ಬಾಯಾರ, ಮಂದಿ ಅಂಜಾಕ ಹತ್ಯಾರ್ರಿ. ಸ್ವಲ್ಪ ದಿನ ಕಡೀಕ ಬರ್ರಿ," ಎಂದ.

ಆಕೆ ರೋಗಿಯ ಹಾಸಿಗೆ ಬಟ್ಟೆ ಹಿಂಡುತ್ತಲೇ ಹೇಳಿದಳು: "ಬರತೇನಿ ತಗೋರಿ, ಅದರಾಗೇನೈತಿ. ನಾಳೆ ಈಕೀನ ದವಾಖಾನಿಗೆ ಒಯ್ಯಬೇಕು, ನನ್ನ ಒಬ್ಬಾಕಿ ಕೈಲೆ ಎತ್ತಾಕ ಆಗವಲ್ದು. ನಿಮ್ಮ ಸಭಾದಾಗ ಇಬ್ಬರನ್ನ ಕಳಸ್ರಿ."

ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಆ ರವಿವಾರ ಪಾಸ್ಟರು ನೆರೆಯವರನ್ನು ಪ್ರೀತಿಸುವ ಬಗ್ಗೆಯೇ ಮುಕ್ಕಾಲು ತಾಸು ಮಾತಾಡಿದರು. ಆಮೇಲೆ ನಾವೆಲ್ಲ ಕುಡಿದು ಎದ್ದೆವು, ಆಕೆ ಒಬ್ಬಳೇ ಹೋಗಿ ಮೊಣಕಾಲೂರಿದಳು. ಬಟ್ಟಲಲ್ಲಿ ಉಳಿದದ್ದನ್ನು ಪಾಸ್ಟರೇ ಕುಡಿದು ಮುಗಿಸಬೇಕೆಂಬುದು ಕಟ್ಟಳೆ. ಅವತ್ತು ಅವರು ಅದನ್ನು ಹೊರಗೆ ಒಯ್ದು ದಾಸವಾಳದ ಬುಡಕ್ಕೆ ಸುರಿದರು. ಆಕೆ ಮೆಟ್ಟಿಲಲ್ಲಿ ನಿಂತು ನೋಡಿದಳು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದಳು... ಗಂಜಿಯ ಹೊತ್ತಾಗಿತ್ತು.

ಔಷಧ ಹಿಡಿದು ಆ ಹೆಂಗಸು ಚೇತರಿಸಿಕೊಂಡಳು, ಸಂತೆಯಲ್ಲಿ ಕಾಯಿಪಲ್ಲೆ ಮಾರುವಷ್ಟಾದಳು. ನಮ್ಮ ತೀರ್ಮಾನ ಮಾತ್ರ ಬದಲಾಗಲಿಲ್ಲ. ಕೆಲವು ವರ್ಷದ ಮೇಲೆ ನರ್ಸಬಾಯಿ ತೀರಿಕೊಂಡಾಗ ಸಭೆಯ ಹೆಂಗಸರು ಅಂಗಳದಲ್ಲೇ ನಿಂತರು. ನೀರು ಕಾಯಿಸಿ, ಮೈ ತೊಳೆದು, ಬಿಳಿ ಸೀರೆ ಉಡಿಸಿದವಳು ಯರಗಟ್ಟಿಯ ಆ ಹೆಂಗಸು. ಸಮಾಧಿಯ ಹತ್ತಿರ ಹೂವು ಹಿಡಿದು ಗುಣಗಾನ ಮಾಡಿದವರು ನಾವು.

ಈಗ ಚರ್ಚಿನಲ್ಲಿ ಒಬ್ಬೊಬ್ಬರಿಗೂ ಬೇರೆ ಸಣ್ಣ ಲೋಟ. ಹೊಸ ಪಾಸ್ಟರು ಪ್ರೀತಿಯ ಮಾತು ಬಂದಾಗೆಲ್ಲ ಆಕೆಯ ಉದಾಹರಣೆ ಕೊಡುತ್ತಾರೆ, ಜನ ತಲೆದೂಗುತ್ತಾರೆ, ನಾನೂ ತಲೆದೂಗುತ್ತೇನೆ. ಆದರೆ ಆಕೆ ಸಾಯುವತನಕ ಒಬ್ಬಳೇ ಮೊಣಕಾಲೂರಿದಳು. ನಾನು ಒಂದೇ ಒಂದು ಸಲ ಕಾದು, ಆಕೆಯ ಪಕ್ಕದಲ್ಲಿ ಮೊಣಕಾಲೂರಿದ್ದರೆ ಸಾಕಿತ್ತು. ನನ್ನ ಬೆಂಚಿನಿಂದ ಅಲ್ಲಿಗೆ ನಾಲ್ಕು ಹೆಜ್ಜೆ... ಇಡಲಿಲ್ಲ.