ದನದ ಡಾಕ್ಟರು ಜೀಪು ಆರಿಸಿದ ಎರಡು ವಾರ

ನನ್ನ ಮಗಳು ದನದ ಡಾಕ್ಟರು. ಇಪ್ಪತ್ತೆರಡು ವರ್ಷದಿಂದ ಗುಡ್ಡದ ಮೇಲಿನ ಹಟ್ಟಿಗಳಿಗೆ ಹೋಗಿ ಬರುತ್ತಿರುವವಳು ಇವಳೊಬ್ಬಳೇ. ಹಸು ಈಯಲಾರದೆ ಒದ್ದಾಡುತ್ತಿದೆ ಎಂದು ಫೋನು ಬಂದರೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದುಬಿಡುತ್ತಾಳೆ. ಏಳು ವರ್ಷದವಳಿದ್ದಾಗಲೇ ಶಾಲೆಯ ಕೈವಾರದ ಮೊನೆಯಿಂದ ಪಕ್ಕದ ಮನೆಯ ಮೇಕೆಯ ಗೊರಸಿನೊಳಗಿನ ಕಲ್ಲು ತೆಗೆದಿದ್ದಳು. ಕೈವಾರ ಹಾಳಾಯಿತೆಂದು ನಾನು ಬೈದೆ. ನಮ್ಮ ಯಜಮಾನರು ಇನ್ನೊಂದು ತಂದುಕೊಟ್ಟರು, ಮೇಕೆಗೇ ಒಂದು ಇರಲಿ ಎಂದು. ಆ ವಯಸ್ಸಿನಿಂದಲೂ ಅವಳದು ಗಟ್ಟಿ ಕೈ, ತಣ್ಣನೆಯ ತಲೆ. ಅಂಥವಳು ಈ ಸಲ ಒಂದು ಗಾಡಿ ಕೊಳ್ಳಲು ಹೊರಟು ಎರಡು ವಾರ ತಾನೂ ಕೂರಲಿಲ್ಲ, ನಮ್ಮನ್ನೂ ಕೂರಗೊಡಲಿಲ್ಲ.

ಹಳೆಯ ಜೀಪಿಗೆ ಹದಿನಾಲ್ಕು ವರ್ಷವಾಗಿತ್ತು. ಏರಿನಲ್ಲಿ ಗೇರು ಜಾರುತ್ತಿತ್ತು. ಕಲ್ಲು, ಕೆಸರು, ಹಳ್ಳ ಯಾವುದಕ್ಕೂ ಹೆದರದ, ನಾಲ್ಕೂ ಚಕ್ರಕ್ಕೆ ಎಳೆತ ಸಿಗುವ ಹೊಸ ಜೀಪೇ ಬೇಕೆಂದು ಮೊದಲೇ ತೀರ್ಮಾನವಾಗಿತ್ತು. ತಲೆನೋವು ಶುರುವಾದದ್ದು ಅದರಲ್ಲಿ ಯಾವ ಮಾಡೆಲ್ ಎಂಬುದಕ್ಕೆ. ಹೊರಗಿನಿಂದ ನೋಡಿದರೆ ಮೂರೂ ಒಂದೇ. ಬೇಸ್ ಮಾಡೆಲ್ ಒಳಗೆ ರಬ್ಬರ್ ನೆಲ, ರೆಕ್ಸಿನ್ ಸೀಟು, ಕಿಟಕಿ ಇಳಿಸಲು ಕೈಯಲ್ಲಿ ತಿರುಗಿಸುವ ಹಿಡಿ. ನಡುವಿನದಕ್ಕೆ ಒಂದಷ್ಟು ಒಡವೆ ಹಾಕಿದ್ದರು, ಅದೊಂದು ಎಡಬಿಡಂಗಿ. ಟಾಪ್ ಮಾಡೆಲ್‌ನಲ್ಲಿ ಕಾರ್ಪೆಟ್ಟು, ಟಿವಿಯಷ್ಟಗಲದ ಪರದೆ, ಗುಂಡಿ ಒತ್ತಿದರೆ ಹಿಂದೆ ಮುಂದೆ ಹೋಗುವ ಸೀಟು. ಮುಖ್ಯವಾಗಿ, ಹಿಂದಿನ ಒಂದು ಚಕ್ರ ಕೆಸರಲ್ಲಿ ಸುಮ್ಮನೆ ತಿರುಗತೊಡಗಿದರೆ ಎರಡನ್ನೂ ಒಟ್ಟಿಗೆ ಬಿಗಿದು ಎಳೆಸುವ ಲಾಕು ಇರುವುದು ಟಾಪ್‌ನಲ್ಲಿ ಮಾತ್ರ.

"ಬರೋ ವಾರದ ಶುಕ್ರವಾರದೊಳಗೆ ಹೇಳ್ಬಿಡಿ ಮೇಡಂ. ತಪ್ಪಿದ್ರೆ ಮುಂದಿನ ಸರದಿ ನಾಲ್ಕು ತಿಂಗಳ ಮೇಲೆ" ಎಂದ ಷೋರೂಮಿನವನು. ಅವನ ಟೈ ಹೊಟ್ಟೆಯಿಂದ ಒಂದು ಗೇಣು ಕೆಳಗಿಳಿದಿತ್ತು. ನಾನು ಅವನಿಗೆ ಟೈಯಣ್ಣ ಎಂದು ಹೆಸರಿಟ್ಟೆ.

ಮಗಳು ಸೋಮವಾರ ಟಾಪ್ ಎಂದಳು. ಮಂಗಳವಾರ ಟೈಯಣ್ಣನಿಗೆ ಫೋನು ಮಾಡಿ ಬೇಸ್ ಎಂದಳು. ಸಂಜೆಗೆ ಮತ್ತೆ ಟಾಪ್. ಮೂರು ಮಾಡೆಲ್‌ಗಳ ಕಾಗದವನ್ನು ಊಟದ ಮೇಜಿನ ಮೇಲೆ ಹರಡುವುದು, ಮಡಚುವುದು, ಮತ್ತೆ ಹರಡುವುದು. ಕೂತಲ್ಲೇ ಕಾಲು ಕುಣಿಸುತ್ತಿದ್ದಳು. ನನ್ನ ಲೋಟದ ಕಾಫಿ ಅಲುಗುತ್ತಿತ್ತು.

"ಇದರಲ್ಲಿ ಯೋಚನೆ ಮಾಡೋಕೇನಿದೆ? ಲಾಕ್ ಇರೋದನ್ನೇ ತಗೋ" ಎಂದರು ಅವಳ ಗಂಡ, ನಮ್ಮ ಅಳಿಯಂದಿರು. ಅವರದು ಕುಷನ್ ಅಂಗಡಿ, ಸೋಫಾಕ್ಕೆ, ಗಾಡಿಗಳ ಸೀಟಿಗೆ ಹೊಲಿದುಕೊಡುತ್ತಾರೆ. ಇವಳ ಹಳೆಯ ಜೀಪಿನ ಸೀಟಿನ ಬಟ್ಟೆ, ಕಾರ್ಪೆಟ್ಟು ಎಲ್ಲ ಅವರ ಕೈಯದೇ. "ಮತ್ತೆ ಕೆಸರಲ್ಲಿ ಹೂತ್ಕೊಂಡು ಕೂರ್ಬೇಕಾ?"

ಅವಳು ಕಾಗದವನ್ನು ಮತ್ತೆ ಮಡಚಿದಳು.

ಅವರು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಹಿಂದಿನ ಮಳೆಗಾಲದಲ್ಲಿ ಎಲ್ಲಕ್ಕಿಂತ ಮೇಲಿನ ಹಟ್ಟಿಯಿಂದ ಕರೆ ಬಂದಾಗ ಇವಳು ಹೋಗಿ ಸೇರುವಷ್ಟರಲ್ಲಿ ಹಸುವೂ ಇರಲಿಲ್ಲ, ಹೊಟ್ಟೆಯಲ್ಲಿದ್ದ ಕರುವೂ ಇರಲಿಲ್ಲ. ಹಟ್ಟಿಯ ಯಜಮಾನ ಜಗಳವಾಡಲಿಲ್ಲವಂತೆ. "ಒಂದು ಗಂಟೆ ಮುಂಚೆ ಬಂದಿದ್ರೆ ಎರಡೂ ಉಳೀತಿದ್ವು ಡಾಕ್ಟ್ರಮ್ಮ" ಎಂದಷ್ಟೇ ಹೇಳಿ, ಕೈ ತೊಳೆಯಲು ನೀರು ಕೊಟ್ಟನಂತೆ. ಜೀಪು ಕೆಸರಲ್ಲಿ ಸಿಕ್ಕಿಕೊಂಡಿತ್ತು ಎಂದು ಇವಳು ಮನೆಯಲ್ಲಿ ಹೇಳಿದಳು. ಇನ್ನೊಮ್ಮೆ ತಡವಾಗಿ ಹೋಗಿ ನಿಂತು ಆ ಮಾತು ಕೇಳಬಾರದು ಎನ್ನುವುದೊಂದೇ ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಗಾಡಿಯ ಗಡಿಬಿಡಿಯೆಲ್ಲ ಅದಕ್ಕಾಗಿಯೇ.

ಹಾಗಿದ್ದರೆ ಲಾಕಿನ ಗಾಡಿಗೆ ಕಣ್ಣುಮುಚ್ಚಿ ಸಹಿ ಹಾಕಬೇಕಿತ್ತಲ್ಲ? ಯಾಕೆ ಹಾಕುತ್ತಿಲ್ಲ ಎಂಬುದು ನನಗೆ ಬಗೆಹರಿಯಲಿಲ್ಲ.

ಎರಡನೇ ವಾರದ ಗುರುವಾರ ಟೈಯಣ್ಣನೇ ಸೋತು, "ಟಾಪ್ ಮಾಡೆಲ್ ಒಂದಿನ ನೀವೇ ಇಟ್ಕೊಂಡು ಓಡ್ಸಿ ನೋಡಿ ಮೇಡಂ" ಎಂದು ಷೋರೂಮಿನ ಗಾಡಿ ಕೊಟ್ಟ. ಬೆಳಿಗ್ಗೆ ಇವಳೂ ಕಾಂಪೌಂಡರೂ ಅದರಲ್ಲೇ ಒಂದು ಹಟ್ಟಿಗೆ ಹೋಗಿ ಬಂದರು. ಇವಳು ಕೈಕಾಲು ತೊಳೆಯಲು ಒಳಗೆ ಹೋದಳು.

ಕಾಂಪೌಂಡರ್ ಇವಳ ಜೊತೆ ಹದಿನೆಂಟು ವರ್ಷದಿಂದ ಇರುವ ಮನುಷ್ಯ. ಇವರ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಒಂದು ಹಟ್ಟಿಗೆ ಹೋಗಿ ಬಂದ ಗಾಡಿಯನ್ನು ಒಳಗೂ ಹೊರಗೂ ಔಷಧಿ ನೀರಲ್ಲಿ ತೊಳೆಯದೆ ಇನ್ನೊಂದು ಹಟ್ಟಿಗೆ ಒಯ್ಯುವಂತಿಲ್ಲ. ಒಂದು ಕಡೆಯ ರೋಗವನ್ನು ಇನ್ನೊಂದು ಕಡೆ ಹಂಚಿದಂತಾಗುತ್ತದೆ. ಆತ ಎಂದಿನಂತೆ ನಾಲ್ಕೂ ಬಾಗಿಲು ಹಾರು ಹೊಡೆದು, ಪೈಪು ಎಳೆದುಕೊಂಡು, ಒಳಗೆಲ್ಲ ನೀರು ಬಿಟ್ಟ. ನಲ್ಲಿ ತಿರುಗಿಸಿಕೊಟ್ಟವಳು ನಾನೇ. ಇದು ನಮ್ಮ ಗಾಡಿಯಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮೊದಲು ಪರದೆ ತಾನಾಗಿ ಹೊತ್ತಿಕೊಂಡಿತು. ಆಮೇಲೆ ಮುಂದಿನ ಗಾಜು ಒರೆಸುವ ಕಡ್ಡಿಗಳು ಆಡತೊಡಗಿದವು. ಡ್ರೈವರ್ ಸೀಟು ಯಾರೂ ಮುಟ್ಟದೆ ಮೆಲ್ಲಗೆ ಮುಂದೆ ಸರಿದು ಸ್ಟಿಯರಿಂಗಿಗೆ ಒತ್ತಿಕೊಂಡು ನಿಂತಿತು.

"ಅಮ್ಮಾವ್ರೇ, ಗಾಡಿಗೆ ಜ್ವರ ಬಂದಂಗಿದೆ" ಎಂದ ಕಾಂಪೌಂಡರ್, ಪೈಪು ಹಿಡಿದುಕೊಂಡೇ.

ಮಗಳು ಹೊರಗೆ ಬಂದಳು. ಬೈಯುತ್ತಾಳೆಂದು ನಾವಿಬ್ಬರೂ ತಲೆ ತಗ್ಗಿಸಿ ನಿಂತೆವು. ಅವಳು ಬೈಯಲಿಲ್ಲ. ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿದಳು. ಸಗಣಿ ಬಣ್ಣದ ನೀರು ಬೆರಳ ಸಂದಿಯಲ್ಲಿ ಉಕ್ಕಿತು. ಒತ್ತಿದಷ್ಟೂ ಬರುತ್ತಲೇ ಇತ್ತು.

"ಅವತ್ತೂ ಹಿಂಗೇ ಬರ್ತಾನೇ ಇತ್ತು ಅಮ್ಮ" ಎಂದಳು.

"ಯಾವತ್ತು?"

"ಆ ಹಸು ಸತ್ತ ದಿನ. ಕೆಸರಲ್ಲಿ ಸಿಕ್ಕಿದ್ದು ಹತ್ತೇ ನಿಮಿಷ. ಇವರು ಇಳಿದು ಚಕ್ರಕ್ಕೆ ಕಲ್ಲು ಕೊಟ್ರು, ಮೇಲೆ ಬಂತು."

"ಹೌದು ಅಮ್ಮಾವ್ರೇ" ಎಂದ ಕಾಂಪೌಂಡರ್, ನನ್ನ ಮುಖ ನೋಡದೆ.

"ಮತ್ತೆ ಉಳಿದ ಹೊತ್ತು?"

"ಕೆಳಗಿನ ಹಟ್ಟೀಲಿ ದನಕ್ಕೆಲ್ಲ ಕಾಲುಬಾಯಿ ಜ್ವರ ಇತ್ತು. ಅಲ್ಲಿಂದ ಹೊರಟಾಗ ಗಲೀಜು ನೀರಿನ ಬಕೆಟ್ಟು ಗಾಡಿಯೊಳಗೇ ಮಗುಚ್ಕೊಳ್ತು. ಕಾರ್ಪೆಟ್ಟೂ ಸೀಟಿನ ಬಟ್ಟೇನೂ ಕುಡಿದುಬಿಟ್ವು. ಅದನ್ನ ತೊಳೀದೆ ಮೇಲಿನ ಹಟ್ಟಿಗೆ ಹೆಂಗೆ ಹೋಗ್ಲಿ? ಮನೇಲಾದ್ರೆ ಪೈಪು ಬಿಟ್ಟು ಬಿಸಿಲಿಗೆ ಒಣಗಿಸ್ತೀವಿ, ದಾರೀಲಿ ಅದೆಲ್ಲಿ? ಬರೀ ರಬ್ಬರ್ ಆಗಿದ್ರೆ ಐದು ನಿಮಿಷ. ಒಂದು ಗಂಟೆ ಉಜ್ಜಿದೀನಿ ಅಮ್ಮ. ಅಲ್ಲಿ ಅದು ಸಾಯ್ತಿತ್ತು, ಇಲ್ಲಿ ನಾನು ಕಾರ್ಪೆಟ್ ಹಿಂಡ್ತಿದ್ದೆ."

"ಕಿತ್ತು ಬಿಸಾಕೋದಲ್ವೇನೇ ಅದನ್ನ?"

"ನನಗೆ ಸೊಂಟ ನೋವು ಅಂತ ಹದಿನೈದು ದಿನ ಕೂತು ಹೊಲಿದಿದ್ದಾರಮ್ಮ ಅವರು. ನಿಮ್ಮ ಕಾರ್ಪೆಟ್ಟಿಂದ ಹಸು ಸತ್ತಿತು ಅಂತ ಯಾವ ಬಾಯಲ್ಲಿ ಹೇಳ್ಲಿ? ಈಗ ಬೇಸ್ ಬೇಕು ಅಂದ್ರೂ ಯಾಕೆ ಅಂತ ಕೇಳ್ತಾರೆ."

ಗೇಟಿನ ಸದ್ದಾಯಿತು. ಅಳಿಯಂದಿರು ಊಟಕ್ಕೆ ಬಂದಿದ್ದರು. ಅಂಗಿಯ ಮೇಲೆ ಬಿಳಿ ದಾರದ ಎಳೆಗಳಿದ್ದವು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ ತಿಳಿಯದು.

"ಒಂದು ಗಂಟೇನಾ?" ಎಂದು ಕೇಳಿದರು.

"ಇನ್ನೂ ಸ್ವಲ್ಪ ಜಾಸ್ತೀನೇ ಇರ್ಬೇಕು ರೀ" ಎಂದಳು.

ಅವರು ಬಂದ ದಾರಿಯಲ್ಲೇ ತಿರುಗಿ ಹೋದರು. ಊಟಕ್ಕೆ ಬರಲಿಲ್ಲ. ಇವಳು ಗೇಟಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗೇಟಿಗೆ ಓಡಾಡಿದಳು. ಟೈಯಣ್ಣ ಬಂದು, ತಲೆಯ ಮೇಲೆ ಕೈ ಹೊತ್ತು, ಗಾಡಿಯನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಹೋದ. ರಿಪೇರಿ ನಮ್ಮದೇ ಎಂದು ಇವಳು ಒಪ್ಪಿಕೊಂಡಳು. ಮಾತು ಅವನ ಜೊತೆ, ಕಣ್ಣು ರಸ್ತೆಯ ಕಡೆ.

ನನಗೆ ತಡೆಯಲಾಗಲಿಲ್ಲ. ಡಬ್ಬಿ ಕಟ್ಟಿಕೊಂಡು ಅಂಗಡಿಗೆ ಹೋದೆ. ಹೊಲಿಗೆ ಯಂತ್ರ ನಿಂತಿತ್ತು. ಅವರು ಸ್ಪಂಜಿನ ಗುಡ್ಡೆಯ ಮೇಲೆ ಕೂತು ಕತ್ತರಿಯನ್ನು ಬಿಚ್ಚಿ ಮುಚ್ಚಿ ಮಾಡುತ್ತಿದ್ದರು.

"ಒಂದು ವರ್ಷ ಅತ್ತೆ. ಒಂದು ವರ್ಷದಿಂದ ಅದೇ ಸೀಟಲ್ಲಿ ನನ್ನ ಪಕ್ಕ ಕೂತು ಓಡಾಡಿದಾಳೆ. ಸೊಂಟ ಹೆಂಗಿದೆ ಅಂದ್ರೆ ಚೆನ್ನಾಗಿದೆ ಅಂದಿದಾಳೆ. ಹೇಳಿದ್ರೆ ಅವತ್ತೇ ಕಿತ್ತುಹಾಕ್ತಿರ್ಲಿಲ್ವಾ?"

"ನೀವು ಅವಳ ಸೊಂಟ ನೋಡಿದ್ರಿ, ಅವಳು ನಿಮ್ಮ ಮುಖ ನೋಡಿದ್ಲು. ಉಣ್ಣಿ ಮೊದ್ಲು" ಎಂದೆ.

ಅರ್ಧ ಉಂಡರು. ಉಳಿದದ್ದನ್ನು ಮುಚ್ಚಿಟ್ಟು, "ಆ ಟೈನೋನು ಎಷ್ಟು ಗಂಟೆವರೆಗೆ ಇರ್ತಾನೆ?" ಎಂದು ಕೇಳಿದರು.

ಶುಕ್ರವಾರ ಬೆಳಿಗ್ಗೆ ಮೂವರೂ ಷೋರೂಮಿಗೆ ಹೋದೆವು. ಮಗಳು ಕುರ್ಚಿಯ ತುದಿಯಲ್ಲಿ ಕೂತು ಬಾಯಿ ತೆರೆಯುವಷ್ಟರಲ್ಲಿ ಅಳಿಯಂದಿರೇ, "ಬೇಸ್ ಕೊಡಿ" ಎಂದರು.

"ಸರ್, ಲಾಕ್ ಬರಲ್ಲ ಇದಕ್ಕೆ" ಎಂದ ಟೈಯಣ್ಣ.

"ಕಲ್ಲು ಕೊಡೋಕೆ ಕಾಂಪೌಂಡರ್ ಇದಾರೆ."

"ಹೋಗ್ಲಿ, ಒಂದು ಸೆಟ್ ಸೀಟ್ ಕವರು, ಕಾರ್ಪೆಟ್ ಮ್ಯಾಟು ನಮ್ಮ ಕಡೆಯಿಂದ..."

"ಅವನ್ನ ನಿಮ್ಮ ಸೋಫಾಕ್ಕೆ ಹಾಕ್ಕೊಳ್ಳಿ" ಎಂದರು. ಮಗಳು ಗಂಡನ ಕಡೆ ತಿರುಗಿದಳು. ಎರಡು ವಾರದಲ್ಲಿ ಮೊದಲ ಸಲ ಅವಳ ಕಾಲು ಅಲುಗದೆ ನಿಂತದ್ದನ್ನು ನಾನು ಕಂಡೆ.

ಅದೂ ಎಷ್ಟು ಹೊತ್ತು! ಸಹಿಯ ಕಾಗದ ಎದುರಿಗಿಟ್ಟಾಗ ಫೋನು ಬಂತು. ಯಾವುದೋ ಹಟ್ಟಿಯಲ್ಲಿ ಎಮ್ಮೆ ಬೆಳಗಿನಿಂದ ನರಳುತ್ತಿದೆಯಂತೆ. ನಿಂತುಕೊಂಡೇ ಗೀಚಿ, ಹಳೆಯ ಜೀಪಿನ ಕೀ ಎತ್ತಿಕೊಂಡು ಹೊರಟಳು. ಅಳಿಯಂದಿರು ಹಿಂದೆಯೇ ಓಡಿದರು. ಗಾಜಿನಾಚೆ ಕಾಣಿಸುತ್ತಿತ್ತು. ಅವಳು ಎಂಜಿನ್ ಶುರು ಮಾಡಿ ಹಾರನ್ ಒತ್ತುತ್ತಿದ್ದಳು. ಇವರು ಹಿಂದಿನ ಬಾಗಿಲು ತೆಗೆದು, ಅರ್ಧ ಒಳಗೆ ಅರ್ಧ ಹೊರಗೆ ಬಗ್ಗಿ, ತಾವು ಹೊಲಿದು ಕೂರಿಸಿದ್ದ ಕಾರ್ಪೆಟ್ಟನ್ನು ಎರಡೂ ಕೈಯಿಂದ ಎಳೆಯುತ್ತಿದ್ದರು. ಒಂದು ಮೂಲೆ ಬಿಟ್ಟುಕೊಳ್ಳಲಿಲ್ಲ. ಒಳ್ಳೆಯ ಕೆಲಸಗಾರನ ಹೊಲಿಗೆ, ಬೇಗ ಬಿಡುತ್ತದೆಯೇ? "ಬಿಡ್ರೀ, ಹೊತ್ತಾಗುತ್ತೆ" ಎಂದು ಅವಳು ಕೂಗಿದ್ದು ನನಗೂ ಕೇಳಿಸಿತು. ಕೊನೆಗೆ ಇವರೂ ಒಳಗೆ ಹತ್ತಿಬಿಟ್ಟರು, ಜೀಪು ಹೊರಟಿತು. ನಾನೂ ಟೈಯಣ್ಣನೂ ಅಲ್ಲೇ ಉಳಿದೆವು. ಅವನು ನನಗೊಂದು ಲೋಟ ನೀರು ತಂದುಕೊಟ್ಟು, ಬಸ್ ಸ್ಟಾಪಿನ ದಾರಿ ತೋರಿಸಿದ.