ಚನ್ನಮಲ್ಲಪ್ಪನವರ ಎಡಗೈ

“ನೋಡು ಕಾಂತಾ, ನಾನು ಹೇಳೋದನ್ನ ಪೂರ್ತಿ ಕೇಳು, ಆಮೇಲೆ ಬೇಕಾದ್ರೆ ನಗು. ನಂಗೆ ಏನೂ ಆಗಿಲ್ಲ. ಹುಲ್ಲು ಮೆದೆ ಮೇಲಿಂದ ಬಿದ್ದೆ, ತಲೆ ಒಡೀತು, ಹೊಲಿಗೆ ಹಾಕಿದ್ರು, ಗಾಯ ಮಾಯ್ತು. ಅಷ್ಟೇಯ. ಕಣ್ಣು ಕಾಣ್ತದೆ, ಕಿವಿ ಕೇಳ್ತದೆ, ಯಾವ ಗದ್ದೆಗೆ ಯಾವ ಬಿತ್ತನೆ ಅಂತ ಈಗ ಕೇಳಿದ್ರೂ ಹೇಳ್ತೀನಿ. ಆದ್ರೆ ಈ ಮನೇಲಿ ಯಾರೋ ಒಬ್ಬ ಬಂದು ಸೇರ್ಕೊಂಡಿದಾನೆ. ನಾನು ಪೂಜೆಗೆ ಕೂತ್ರೆ ಸಾಕು, ಪಕ್ಕದಿಂದ ಕೈ ಚಾಚ್ತಾನೆ. ನನ್ನ ಲಿಂಗ ಅವನ ಅಂಗೈ ಮೇಲೆ! ಉಗುರು ನೋಡಿದ್ರೆ ನಮ್ಮಪ್ಪನ ಉಗುರು ಇದ್ದಂಗೇ ಅದೆ. ಅಪ್ಪ ಹೋಗಿ ಹದಿನಾರು ವರ್ಷ ಆಯ್ತು, ಸತ್ತೋರ ಕೈ ಹಿಂಗೆ ಬೆಚ್ಚಗಿರ್ತದಾ? ಅದಕ್ಕೇ ಅಣ್ಣಯ್ಯನ ಕೈ ಇರಬೇಕು ಅಂದ್ಕೊಂಡೆ. ಅವನಿಗೆ ಹೇಳು, ಅವನ ಪೂಜೆ ಅವನ ಮನೇಲಿ ಮಾಡ್ಕೊಳ್ಳಲಿ. ನೀನು ತಟ್ಟೆಗೆ ಅರ್ಧ ಬಡಿಸ್ತೀಯ, ಅದನ್ನೂ ನಾನು ಕೇಳಕ್ಕೆ ಬರಲ್ಲ. ಲಿಂಗ ಒಂದು ನಂದು. ಅದನ್ನ ನಾನೇ ಹಿಡೀಬೇಕು.”

ಇಷ್ಟನ್ನೂ ಚನ್ನಮಲ್ಲಪ್ಪನವರು ಬಲಗಡೆಯ ಗೋಡೆಗೆ ಹೇಳುತ್ತಿದ್ದರು. ಹೆಂಡತಿ ಕಾಂತಮ್ಮ ಅವರ ಎಡಕ್ಕೆ, ಮೊಳ ದೂರದಲ್ಲಿ, ಮೊರ ಹಿಡಿದು ಕೂತಿದ್ದಳು. ಎದ್ದು ಸುತ್ತಿ ಬಲಗಡೆಗೆ ಬಂದಳು.

“ಓ, ಇಲ್ಲೇ ಇದೀಯ. ಎಲ್ಲಿಗೆ ಹೋಗಿದ್ದೆ?”

“ಎಲ್ಲಿಗೂ ಇಲ್ಲ” ಎಂದಳು ಕಾಂತಮ್ಮ.

ಅವರು ಮೆದೆಯಿಂದ ಬಿದ್ದದ್ದು ಕೊಡಗು ಮೈಸೂರಿಗೆ ಸೇರಿದ ಮರುವರ್ಷದ ಸುಗ್ಗಿಯಲ್ಲಿ. ಕೊಡ್ಲಿಪೇಟೆಯ ಸುತ್ತ ಮೆದೆ ಒಟ್ಟುವುದರಲ್ಲಿ ಚನ್ನಮಲ್ಲಪ್ಪನವರನ್ನು ಮೀರಿಸುವವರಿರಲಿಲ್ಲ. ಅವರು ಒಟ್ಟಿದ ಮೆದೆಗೆ ಮೂರು ತಿಂಗಳ ಮಳೆ ಹೊಯ್ದರೂ ಒಳಗಿನ ಹುಲ್ಲು ಹೊಂಬಣ್ಣ ಬಿಡುತ್ತಿರಲಿಲ್ಲ. ಆ ದಿನ ಕೆಳಗಿನಿಂದ ಆಳು ಕೆಂಚ ಹೊರೆ ಎಸೆಯುತ್ತಿದ್ದ, ಇವರು ಮೇಲೆ ನಿಂತು ತುಳಿಯುತ್ತಿದ್ದರು. ನೆತ್ತಿ ಕಟ್ಟುವ ಹೊತ್ತಿಗೆ ಕಾಲು ಜಾರಿತು. ಕೆಳಗೆ ದನಕ್ಕೆ ಕಲಗಚ್ಚು ಹೊಯ್ಯುವ ಕಲ್ಲಿನ ಬಾನಿ. ಬಲಗಿವಿಯ ಮೇಲ್ಗಡೆ ಬಡಿಯಿತು.

ಮೊದಲು ಎದ್ದು ಕೂತರು. “ಏನಿಲ್ಲ, ಹೋಗ್ರೋ” ಎಂದರು. ಅರಿಶಿನ ಮೆತ್ತಿ ಬಟ್ಟೆ ಕಟ್ಟಿ ಮಲಗಿಸಿದ್ದಾಯಿತು. ಮಾರನೆಯ ಬೆಳಿಗ್ಗೆ ಎಬ್ಬಿಸಿದರೆ ಎದ್ದೇಳಲೊಲ್ಲರು, ವಾಂತಿ ಬೇರೆ. ಅಣ್ಣ ಸಿದ್ದಬಸಪ್ಪನವರು ಪಕ್ಕದ ಮನೆಯಿಂದ ಓಡಿಬಂದು, ಬಾಡಿಗೆ ಜೀಪು ಹಿಡಿದು, ಘಟ್ಟದ ತಿರುವುಗಳಲ್ಲಿ ತಮ್ಮನ ತಲೆಯನ್ನು ತೊಡೆಯ ಮೇಲೆ ಹಿಡಿದು ದೊಡ್ಡಾಸ್ಪತ್ರೆ ಸೇರಿಸಿದರು.

ಇಪ್ಪತ್ತೆರಡು ದಿನ. ಜೀವ ಉಳಿಯಿತು. ಊರಿಗೆ ಕಳಿಸುವ ಮುನ್ನ ಡಾಕ್ಟರು ಹಾಸಿಗೆ ಪಕ್ಕ ಕುರ್ಚಿ ಹಾಕಿಕೊಂಡು ಒಂದು ಪರೀಕ್ಷೆ ಮಾಡಿದರು.

“ನೀವು ನಿಮ್ಮೂರಲ್ಲಿ ಬಸ್ಸಿಳಿದು ಸಂತೆಮಾಳದ ಕಡೆ ಮುಖ ಮಾಡಿ ನಿಂತಿದೀರಿ ಅಂದ್ಕೊಳ್ಳಿ. ಬೀದೀಲಿ ಏನೇನಿದೆ ಹೇಳಿ.”

ಚನ್ನಮಲ್ಲಪ್ಪನವರು ಕಣ್ಣು ಮುಚ್ಚಿ ಹೇಳಿದರು: ಎಣ್ಣೆ ಗಾಣ, ಸಾಬರ ಜವಳಿ ಅಂಗಡಿ, ಕಮ್ಮಾರ, ಪೋಸ್ಟಾಫೀಸು. ಒಂದನ್ನೂ ಬಿಡದೆ ಸಂತೆಮಾಳದ ತನಕ ಹೋದರು. ಪಕ್ಕದಲ್ಲಿ ನಿಂತಿದ್ದ ಕಾಂತಮ್ಮ ಗಮನಿಸಿದಳು. ಅವರು ಹೇಳಿದ್ದೆಲ್ಲ ಬಲಗಡೆಯ ಸಾಲು. ಎಡಗಡೆಯ ಸಾಲಿನಲ್ಲಿ ಅವರ ಸ್ವಂತ ಮನೆಯೇ ಇತ್ತು.

“ಈಗ ಸಂತೆಮಾಳದಿಂದ ಬಸ್ಸಿನ ಕಡೆ ತಿರುಗಿ ನಿಂತ್ಕೊಳ್ಳಿ.”

“ಅಯ್ಯೋ, ಮೊದಲು ಸಿಗೋದೇ ನಮ್ಮನೆ ಅಲ್ವಾ! ಆಮೇಲೆ ಅಣ್ಣಯ್ಯಂದು.” ಈ ಸಲ ಎಣ್ಣೆ ಗಾಣವಿಲ್ಲ, ಪೋಸ್ಟಾಫೀಸಿಲ್ಲ.

ಡಾಕ್ಟರು ಕಾಂತಮ್ಮನನ್ನು ಹೊರಗೆ ಕರೆದರು. “ನೋಡಿ ಅಮ್ಮ, ಮಿದುಳಿನ ಬಲಭಾಗ ನಮ್ಮ ಎಡಗಡೆಯನ್ನ ನೋಡಿಕೊಳ್ಳುತ್ತೆ. ಅಲ್ಲಿಗೇ ಏಟು ಬಿದ್ದಿದೆ. ಕಣ್ಣು ಕೆಟ್ಟಿಲ್ಲ, ನೆನಪೂ ಹೋಗಿಲ್ಲ. ಎಡಗೈಗೆ ಕೊಂಚ ಬಲವೂ ಉಳಿದಿದೆ. ಆದರೆ ಎಡ ಅನ್ನೋದು ಒಂದಿದೆ ಅಂತಲೇ ಅವರಿಗೆ ತಿಳಿಯೋಲ್ಲ. ತಿಳಿಯೋಲ್ಲ ಅನ್ನೋದೂ ತಿಳಿಯೋಲ್ಲ.”

“ಔಷಧಿ, ಬುದ್ಧೀ?”

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. “ಕೆಲವರಿಗೆ ಆರು ತಿಂಗಳಲ್ಲಿ ತಾನಾಗೇ ಸರಿಹೋಗುತ್ತೆ. ಔಷಧಿ ನನ್ನ ಹತ್ರ ಇಲ್ಲಮ್ಮ.”

ಆರು ತಿಂಗಳಾಯಿತು, ವರ್ಷವೂ ದಾಟಿತು. ಚನ್ನಮಲ್ಲಪ್ಪನವರು ಮುಖದ ಬಲಗಡೆ ಮಾತ್ರ ಬೋಳಿಸಿಕೊಂಡು ಜಗಲಿಗೆ ಬಂದು ಕೂರುವರು. ಸಿದ್ದಬಸಪ್ಪನವರ ಹೆಂಡತಿ ವಿಮಲಮ್ಮ ಬಾಯಿ ಜೋರಿನ ಹೆಂಗಸು. “ಏನ್ ಮೈದುನಪ್ಪಾ, ಅರ್ಧ ಮದುವೆ ಗಂಡು, ಅರ್ಧ ಸನ್ಯಾಸಿ! ಯಾವ ಕಡೇಗೆ ಹೊರಟಿದೀಯ?” ಎಂದು ನಗಾಡುವಳು. ಅವರೂ ನಗುವರು, ಯಾತಕ್ಕೆಂದು ತಿಳಿಯದೆ. ತಟ್ಟೆಯ ಬಲಭಾಗದ ಅನ್ನ ಉಂಡು, “ಇವತ್ತೂ ಸಾಲ್ಲಿಲ್ಲ” ಎನ್ನುವರು. ಕಾಂತಮ್ಮ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರೆ, “ಈಗ ಬಡಿಸಿದೆಯಲ್ಲ, ಮೊದಲೇ ಬಡಿಸಬಾರ್ದಾ?” ಎಂದು ಉಣ್ಣುವರು.

ಅದೆಲ್ಲ ಹೇಗೋ ನಡೆಯುತ್ತಿತ್ತು. ನಡೆಯದೆ ಇದ್ದದ್ದು ಪೂಜೆ. ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಬಲಗೈಯಲ್ಲಿ ನೀರೆರೆದು ಪತ್ರೆ ಏರಿಸದೆ ಆ ಮನೆಯವರು ಬಾಯಿಗೆ ಹನಿ ನೀರೂ ಬಿಡುವವರಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ, ಗಂಡನದಾದರೂ ಅಷ್ಟೆ. ಇನ್ನು ಲಿಂಗ ಕೈಜಾರಿ ನೆಲಕ್ಕೆ ಬಿದ್ದರಂತೂ ಮುಗಿಯಿತು. ಚನ್ನಮಲ್ಲಪ್ಪನವರ ಅಜ್ಜ ಹೊಳೆ ದಾಟುವಾಗ ಲಿಂಗ ಕಳೆದುಕೊಂಡು, ಹನ್ನೊಂದು ದಿನ ಅನ್ನ ನೀರು ಬಿಟ್ಟು, ದಡದಲ್ಲೇ ಪ್ರಾಣ ಬಿಟ್ಟಿದ್ದರಂತೆ. ಆ ಕತೆಯನ್ನು ಮೊಮ್ಮಗ ಎದೆಯುಬ್ಬಿಸಿ ಹೇಳುತ್ತಿದ್ದುದನ್ನು ಕಾಂತಮ್ಮ ಮದುವೆಯಾದ ಲಾಗಾಯ್ತು ಕೇಳಿದ್ದಳು.

“ಬಲಗೈಲಿ ಹಿಡ್ಕೊಳ್ಳೋ ತಮ್ಮಯ್ಯ” ಎಂದರು ಸಿದ್ದಬಸಪ್ಪನವರು.

“ಹಿಡೀತೀನಿ ಅಣ್ಣಯ್ಯ. ನೀರು ಯಾವ ಕೈಲಿ ಎರೀಲಿ? ನಿನ್ನ ಕೈಲಾ?”

ಸಿದ್ದಬಸಪ್ಪನವರು ಎದ್ದುಹೋದರು. ಮಠದ ಅಯ್ಯನವರು ಬಂದು, ಕಾಯಿಲೆಯವರಿಗೆ ರಿಯಾಯಿತಿ ಉಂಟು, ಮಣೆಯ ಮೇಲಿಟ್ಟು ಪೂಜೆ ಮಾಡಬಹುದು ಎಂದರು. “ಕಾಯಿಲೆ ಯಾರಿಗೆ ಬುದ್ಧಿ?” ಎಂದು ಕೇಳಿದರು ಚನ್ನಮಲ್ಲಪ್ಪನವರು. ಅಲ್ಲಿಗೆ ಅದೂ ಮುಗಿಯಿತು.

ಕೊನೆಗೆ ಕಾಂತಮ್ಮನೇ ಒಂದು ದಾರಿ ಮಾಡಿಕೊಂಡಳು. ದಿನಾ ಅವರ ಬೆನ್ನ ಹಿಂದೆ ಕೂತು, ತೋಳು ಬಳಸಿ, ಆ ಎಡಗೈಯನ್ನು ಅವರ ಕಣ್ಣಿಗೆ ಬೀಳುವಷ್ಟು ಬಲಕ್ಕೆ ತಂದು, ಕೆಳಗಿನಿಂದ ತನ್ನ ಅಂಗೈಯನ್ನು ಆನಿಸಿ ಹಿಡಿಯುವಳು. ನಲವತ್ತು ವರ್ಷದ ರೂಢಿ ನೋಡಿ, ಬಲಗೈ ತಾನಾಗಿ ಲಿಂಗವನ್ನು ಅದರ ಮೇಲೆ ಇಡುತ್ತಿತ್ತು. ಲಿಂಗವನ್ನು ಅವಳು ಮುಟ್ಟಿದಂತಾಗಲಿಲ್ಲ, ಗಂಡನ ಕೈಯನ್ನಷ್ಟೆ ಮುಟ್ಟಿದ್ದು. “ಮತ್ತೆ ಬಂದ ಇವನು” ಎಂದು ಗೊಣಗುತ್ತಲೇ ಅವರು ಪೂಜೆ ಮುಗಿಸುವರು.

ಕಾರ್ತಿಕದ ಒಂದು ಬೆಳಿಗ್ಗೆ, ಪತ್ರೆ ಏರಿಸಿ ಕಣ್ಣು ಮುಚ್ಚಿ ಕೂತಿದ್ದಾಗ, ಕೊಟ್ಟಿಗೆಯಲ್ಲಿ ಕರು ಹಗ್ಗ ಬಿಚ್ಚಿಕೊಂಡು ಹಸುವಿನ ಕೆಚ್ಚಲಿಗೆ ಬಾಯಿ ಹಾಕಿತು. ಹಾಲೆಲ್ಲ ಕುಡಿದುಬಿಡುತ್ತದಲ್ಲ ಎಂದು ಕಾಂತಮ್ಮ ಆ ಕೈಯನ್ನು ಅವರ ತೊಡೆಯ ಮೇಲೆ ಮೆಲ್ಲಗಿಟ್ಟು ಎದ್ದಳು. ಕರು ಕಟ್ಟಿ ಬಂದು ನೋಡುತ್ತಾಳೆ, ಕೈ ಜೋತುಬಿದ್ದಿದೆ. ಲಿಂಗ ಎಡ ಮಂಡಿಯ ಪಕ್ಕ ಬರಿ ನೆಲದ ಮೇಲೆ, ಒದ್ದೆ ಪತ್ರೆಯ ನಡುವೆ ಬಿದ್ದಿದೆ. ಚನ್ನಮಲ್ಲಪ್ಪನವರು ಕಣ್ಣು ಮುಚ್ಚಿಯೇ ಇದ್ದಾರೆ, ತುಟಿ ಅಲ್ಲಾಡುತ್ತಿದೆ, ಬಲಗೈ ಬರಿದಾದ ಜಾಗಕ್ಕೆ ನೀರೆರೆಯುತ್ತಿದೆ.

ಹೇಳಿದರೆ ಅವರು ಅಜ್ಜನ ದಾರಿ ಹಿಡಿಯುತ್ತಾರೆ. ಹೇಳದೆ ಬಿಟ್ಟರೆ ಲಿಂಗ ನೆಲದಲ್ಲಿದೆ. ಯಾರನ್ನು ಕೇಳುವುದು? ಕೇಳುವಷ್ಟು ಹೊತ್ತಾದರೂ ಎಲ್ಲಿ? ಕಾಂತಮ್ಮ ತನ್ನ ಕೊರಳ ಲಿಂಗವನ್ನು ಒಮ್ಮೆ ಒತ್ತಿಹಿಡಿದಳು. ಬಗ್ಗಿ, ಅವರ ಲಿಂಗವನ್ನು ಬರಿಗೈಯಲ್ಲಿ ಎತ್ತಿ, ಆ ಅಂಗೈಯಲ್ಲಿಟ್ಟು, ಕೆಳಗೆ ತನ್ನ ಕೈ ಕೊಟ್ಟಳು.

ತಲೆಯೆತ್ತಿದರೆ ಬಾಗಿಲಲ್ಲಿ ಮಜ್ಜಿಗೆ ಚೆಂಬು ಹಿಡಿದ ವಿಮಲಮ್ಮ. ಊರಿಗೆಲ್ಲ ಡಂಗುರ ಸಾರುವ ಬಾಯಿ ಅದು.

“ಏನ್ ನೋಡ್ತೀಯ ಕಾಂತಿ?” ಎಂದಳು ವಿಮಲಮ್ಮ, ಮೆಲ್ಲಗೆ. “ನಂಗೂ ಈಚೀಚೆಗೆ ಎಡಗಡೆ ಏನೂ ಕಾಣಲ್ಲ ಕಣೇ.” ಚೆಂಬನ್ನು ಹೊಸಿಲ ಬಳಿ ಇಟ್ಟು ಹೊರಟುಹೋದಳು.

ಚನ್ನಮಲ್ಲಪ್ಪನವರು ಕಣ್ಣು ಬಿಟ್ಟರು. “ಇವತ್ತು ಪೂಜೆ ಚೆನ್ನಾಗಾಯ್ತು. ನಡುವೆ ಸ್ವಲ್ಪ ಹೊತ್ತು ಅವನು ಬಂದೇ ಇರಲಿಲ್ಲ.”

ಊಟಕ್ಕೆ ಮೊದಲು ಬಿಸಿನೀರು ತಂದು ಅವರ ಬಲಗೈ ತೊಳೆದಳು, ಆಮೇಲೆ ಎಡಗೈಯನ್ನು ಎಳೆದುಕೊಂಡಳು.

“ಅವನ ಕೈನೂ ತೊಳೀತೀಯ?”

“ತೊಳೀಬೇಕಲ್ಲ. ಪಾಪ, ಅವನೂ ಉಂಡಿರಲ್ಲ.”

“ತೊಳಿ, ತೊಳಿ” ಎಂದರು ಅವರು, ಬಲಗಡೆಯ ಗೋಡೆ ನೋಡುತ್ತ.

ಬೆರಳಸಂದಿಯಲ್ಲಿ ಅಂಟಿದ್ದ ವಿಭೂತಿಯನ್ನು ಒಂದೊಂದಾಗಿ ತಿಕ್ಕಿ ತೆಗೆದು, ಸೆರಗಿನಲ್ಲಿ ಒರೆಸಿ, ಕಾಂತಮ್ಮ ತಟ್ಟೆ ಇಟ್ಟಳು. ಬಡಿಸಿದಳು. ಅವರು ಅರ್ಧ ಉಂಡಾದ ಮೇಲೆ ತಟ್ಟೆಯನ್ನು ತಿರುಗಿಸಿದಳು. ಆಮೇಲೆ ಪೂಜೆಯ ಗಿಂಡಿ, ತಟ್ಟೆಗಳನ್ನು ಹಿತ್ತಿಲಿಗೆ ಒಯ್ದು, ಹುಣಿಸೆಹಣ್ಣು ಬೂದಿ ಹಚ್ಚಿ ಉಜ್ಜಲು ಕೂತಳು.